ಗೋದಾವರಜ್ಜಿಯ ಹಲ್ಲು ಸೆಟ್ಟು

ಫೋನ್ ಬಂದಾಗಲೆಲ್ಲ ನಂದಕುಮಾರ್ ಅಂಕಲ್ ಯಾಕೆ ಎದ್ದು ಹೊರಗೆ ಹೋಗುತ್ತಾರೆ ಎನ್ನುವುದು ಪ್ರಗತಿಯ ತಲೆ ಕೊರೆಯುತ್ತಿತ್ತು. ಡಾಲಸ್‌ನಲ್ಲಿ ಅವರು ಹೋದ ಮೊದಲ ಡೆಂಟಲ್ ಕ್ಲಿನಿಕ್‌ನಲ್ಲಿ ಕೂತಿದ್ದೇ ಅರ್ಧ ಗಂಟೆ, ಅಷ್ಟರಲ್ಲಿ ಮೂರು ಸಲ ಹೋಗಿಬಂದರು. ನೆಟ್ಟಗಿರುವ ಮನುಷ್ಯ ಫೋನನ್ನು ಬಚ್ಚಿಟ್ಟುಕೊಂಡು ಮಾತಾಡುತ್ತಾನೆಯೇ?

ಪ್ರಗತಿ ಮೈಸೂರಿನವಳು. ಸರಸ್ವತಿಪುರಂನ ಒಂದು ಮಹಡಿ ಮನೆಯಲ್ಲಿ ಹನ್ನೊಂದು ಜನರನ್ನು ಕೂರಿಸಿಕೊಂಡು, ಹಲ್ಲಿನ ಡಾಕ್ಟರುಗಳಿಗೆಂದು ಒಂದು ಸಾಫ್ಟ್‌ವೇರ್ ಕಟ್ಟಿದ್ದಳು. ಯಾವ ರೋಗಿ ಯಾವಾಗ ಬರಬೇಕು, ಯಾರ ಎಕ್ಸ್‌ರೇ ಎಲ್ಲಿದೆ, ಎಲ್ಲವನ್ನೂ ಅದು ನೋಡಿಕೊಳ್ಳುತ್ತಿತ್ತು. ಅದಕ್ಕೆ ಅವಳ ಏಳು ವರ್ಷ ಹೋಗಿತ್ತು. 2017ರ ಅಕ್ಟೋಬರಿನಲ್ಲಿ ಅದನ್ನು ಟೆಕ್ಸಾಸ್‌ನಲ್ಲಿ ಮಾರಲು ಬಂದಿದ್ದಳು. ಡಾಲಸ್ ಪಕ್ಕದ ಯೂಲೆಸ್‌ನಲ್ಲಿದ್ದ ನಂದಕುಮಾರ್ ಅವಳ ಅಮ್ಮನ ಕಡೆಯ ಪರಿಚಯದವರು. ಟೆಕ್ಸಾಸ್ ಪೂರ್ತಿ ಮಾರುವ ಹಕ್ಕನ್ನು ಅವರಿಗೆ ಕೊಡುವ ಕರಾರುಪತ್ರ ಅವಳ ಬ್ಯಾಗಿನಲ್ಲಿತ್ತು. ಕೊನೆಯ ದಿನ, ಆಸ್ಟಿನ್‌ನಲ್ಲಿ, ಸಹಿ ಎಂದು ಮಾತಾಗಿತ್ತು.

ಸಹಿ ಬೇಡ ಎನ್ನುತ್ತಿದ್ದವನು ನಿಶ್ಚಲ್. ಕಾಲೇಜಿನ ಗೆಳೆಯ, ಈಗ ಕಂಪನಿಯಲ್ಲಿ ಪಾಲುದಾರ. ಮೈಸೂರಿನಿಂದ ದಿನಕ್ಕೆ ಹತ್ತು ಮೆಸೇಜು ಕಳಿಸುತ್ತಿದ್ದ. “ಆ ಅಂಕಲ್ ಮೇಲೆ ಒಂದು ಕಣ್ಣಿಟ್ಟಿರು. ನಮ್ಮ ಸಾಫ್ಟ್‌ವೇರ್ ಪೂರ್ತಿ ಅವರ ಲ್ಯಾಪ್‌ಟಾಪಲ್ಲಿದೆ, ಮರೀಬೇಡ.”

ಮರೆಯುವುದೆಲ್ಲಿ ಬಂತು. ಅಂಕಲ್ ಡೆಮೊ ತೋರಿಸುವುದರಲ್ಲಿ ಚೆನ್ನಾಗಿಯೇ ಪಳಗಿದ್ದರು. ಪಟ್ಟಿಯ ಮೊದಲಿಗಿದ್ದ ರಾಮಮೂರ್ತಿ ಎಂಬ ಸುಳ್ಳು ರೋಗಿಯ ಹೆಸರೊತ್ತಿ, ಅವನ ಹಲ್ಲು ಕೀಳುವುದರಿಂದ ಹಿಡಿದು ಬಿಲ್ಲಿನವರೆಗೆ ಸರಸರ ತೋರಿಸಿಬಿಡುತ್ತಿದ್ದರು. ಹ್ಯೂಸ್ಟನ್ನಿನ ದಾರಿಯಲ್ಲಿ, “ಪಾಪ, ಈ ರಾಮಮೂರ್ತಿಗೆ ಈ ತಿಂಗಳಲ್ಲೇ ನಲವತ್ತು ಸಲ ಹಲ್ಲು ಕೀಳಿಸಿದೀನಮ್ಮ,” ಎಂದು ನಕ್ಕರು. ಪ್ರಗತಿಗೆ ನಗು ಬರಲಿಲ್ಲ. ನಲವತ್ತು ಸಲ ಯಾರ್ಯಾರಿಗೆ ತೋರಿಸಿದರು ಎಂದು ಲೆಕ್ಕ ಹಾಕುತ್ತಿದ್ದಳು.

ಹ್ಯೂಸ್ಟನ್ ಪಕ್ಕದ ಕೇಟಿ ಎಂಬ ಊರಿನ ಕ್ಲಿನಿಕ್‌ನಲ್ಲಿ ಸಂಶಯಕ್ಕೆ ರೆಕ್ಕೆಪುಕ್ಕ ಬಂತು. ಅಲ್ಲಿನ ಡಾಕ್ಟರಮ್ಮ ಎರಡು ನಿಮಿಷ ನೋಡಿ ಕೈಯೆತ್ತಿಬಿಟ್ಟಳು. ಇದನ್ನೇ ಹೋದ ತಿಂಗಳು ಇನ್ನೊಂದು ಕಂಪನಿಯವರು ತೋರಿಸಿದ್ದರು, ಇದೇ ಪರದೆ, ಇದೇ ಗುಂಡಿಗಳು, ಹೆಸರು ಮಾತ್ರ ಬೇರೆ ಎಂದಳು. ಪ್ರಗತಿ ಅಂಕಲ್ ಕಡೆ ತಿರುಗಿದರೆ ಅವರು ತಲೆ ತಗ್ಗಿಸಿ ಕನ್ನಡಕ ಒರೆಸುತ್ತಿದ್ದರು. ಅಷ್ಟರಲ್ಲಿ ಫೋನ್ ಬಂತು. ಎದ್ದು ಹೊರಗೆ ಹೋದರು.

“ನಾನು ಹೇಳ್ಲಿಲ್ವಾ?” ಎಂದು, ಪ್ರಗತಿ ವಿಷಯ ತಿಳಿಸಿದೊಡನೆ ನಿಶ್ಚಲ್ ಬರೆದ.

ಮರುದಿನ ಆಸ್ಟಿನ್‌ನ ವ್ಯಾಪಾರ ಮೇಳದಲ್ಲಿ ಆ ಇನ್ನೊಂದು ಕಂಪನಿಯ ಮಳಿಗೆಯೇ ಎದುರಾಯಿತು. ಹಸಿರು ಬ್ಯಾನರ್ ಕೆಳಗೆ ನಿಂತಿದ್ದ ಹುಡುಗಿ ನಗುನಗುತ್ತಾ ಲ್ಯಾಪ್‌ಟಾಪ್ ತಿರುಗಿಸಿದಳು. ಪಟ್ಟಿಯ ಮೊದಲ ರೋಗಿ: ಗೋದಾವರಿ, ಎಂಬತ್ತೆರಡು ವರ್ಷ. ಕೆಳಗೆ ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ: “ಹಲ್ಲು ಸೆಟ್ಟು ಹಬ್ಬದೂಟಕ್ಕೆ ಮಾತ್ರ.”

ಅದು ಪ್ರಗತಿಯ ಸ್ವಂತ ಅಜ್ಜಿ. ಸಾಫ್ಟ್‌ವೇರ್ ಮೊದಲ ಸಲ ಓಡಿದ ದಿನ ಪರೀಕ್ಷೆಗೆಂದು ತಮಾಷೆಗೆ ಅವಳೇ ಟೈಪ್ ಮಾಡಿದ ಸಾಲು. ಕದ್ದ ಮಾಲು ಕೊಂಡವರಿಗೆ ಅದನ್ನು ಓದಲೂ ಬಂದಿರಲಿಲ್ಲ, ಅಳಿಸಲೂ ತೋಚಿರಲಿಲ್ಲ.

ಹಿಂದೆಯೇ ನಿಂತಿದ್ದ ನಂದಕುಮಾರ್ ಕಡೆ ತಿರುಗಿ ಅವಳು ಬಾಯಿಗೆ ಬಂದಂತೆ ಅಂದಳು. “ಎಷ್ಟಕ್ಕೆ ಮಾರಿದ್ರಿ ಅಂಕಲ್? ಅಮ್ಮನ ಮುಖ ನೋಡಿ ನಿಮ್ಮನ್ನ ನಂಬಿದ್ದೆ. ಫೋನ್ ಬಂದಾಗೆಲ್ಲ ಹೊರಗೆ ಓಡ್ತಿದ್ದಿದ್ದು ಇವ್ರ ಹತ್ರ ಮಾತಾಡಕ್ಕಾ?”

ಅಂಕಲ್ ಮುಖ ಬಿಳಿಚಿಕೊಂಡಿತು. “ಆಫೀಸಿಗೆ ಜ್ವರ ಅಂತ ಸುಳ್ಳು ಹೇಳಿ ನಿನ್ ಜೊತೆ ಸುತ್ತುತಾ ಇದೀನಿ. ಮ್ಯಾನೇಜರ್ ಫೋನು ಅದು. ನಿನ್ನೆದುರಿಗೆ ಕೆಮ್ಮಕ್ಕೆ ನಾಚಿಕೆ ಆಗ್ತಿತ್ತು.” ಆಮೇಲೆ ಪರದೆಯನ್ನೇ ದಿಟ್ಟಿಸಿ ಕೇಳಿದರು: “ಅದಿರಲಿ, ಯಾರಮ್ಮ ಈ ಗೋದಾವರಿ? ನೀನು ನನಗೆ ಕೊಟ್ಟಿದ್ದರಲ್ಲಿ ಇರೋದು ರಾಮಮೂರ್ತಿ ಅಲ್ವಾ?”

ಪ್ರಗತಿ ಮತ್ತೆ ಪರದೆಯ ಕಡೆ ತಿರುಗಿದಳು.

ಹೌದು, ರಾಮಮೂರ್ತಿ. ಅಜ್ಜಿ ತೀರಿಕೊಂಡಿದ್ದು ಮಾರ್ಚಿನಲ್ಲಿ. ವೈಕುಂಠ ಸಮಾರಾಧನೆ ಮುಗಿಸಿ ಬಂದ ಸಂಜೆ, ಪರದೆಯ ಮೇಲೆ ಆ ಹೆಸರು ನೋಡಲಾರದೆ, ಪ್ರಗತಿಯೇ ಅಳುತ್ತಾ ಅಳಿಸಿ ಅಲ್ಲಿ ರಾಮಮೂರ್ತಿಯನ್ನು ಕೂರಿಸಿದ್ದಳು. ಅಂಕಲ್‌ಗೆ ಸಾಫ್ಟ್‌ವೇರ್ ಕೊಟ್ಟಿದ್ದು ಜೂನ್‌ನಲ್ಲಿ. ಗೋದಾವರಿ ಇನ್ನೂ ಬದುಕಿದ್ದ ಹಳೆಯ ಪ್ರತಿ ಈ ಲೋಕದಲ್ಲಿ ಒಂದೇ ಕಡೆ ಇತ್ತು. “ಹಳೇದು ನನ್ನ ಹತ್ರ ಒಂದಿರಲಿ, ಸೇಫಾಗಿರುತ್ತೆ,” ಎಂದು ಕೇಳಿ ಇಟ್ಟುಕೊಂಡವನು ನಿಶ್ಚಲ್. ಆ ಸಮಾರಾಧನೆಯ ದಿನ ಎಲೆ ಮುಂದೆ ಕೂತು ಎರಡನೇ ಸಲ ಪಾಯಸ ಹಾಕಿಸಿಕೊಂಡವನು.

“ಅಂಕಲ್, ತಪ್ಪಾಯ್ತು,” ಎಂದಳು. ಬ್ಯಾಗಿನಿಂದ ಕರಾರುಪತ್ರ ತೆಗೆದಳು. “ಈಗಲೇ ಸಹಿ ಹಾಕ್ತೀನಿ.”

ನಂದಕುಮಾರ್ ಅದನ್ನು ಕೈಗೆ ತೆಗೆದುಕೊಳ್ಳಲಿಲ್ಲ. “ಬೇಡಮ್ಮ. ನಾಳೆ ಇನ್ನೇನೋ ಕಾಣೆಯಾದರೆ ಮತ್ತೆ ನನ್ನ ಮುಖಾನೇ ನೋಡ್ತೀಯ. ಬಾ, ಏರ್‌ಪೋರ್ಟಿಗೆ ಬಿಡ್ತೀನಿ.” ಅವಳ ಸೂಟ್‌ಕೇಸನ್ನು ತಾವೇ ಎಳೆದುಕೊಂಡು ಬಾಗಿಲ ಕಡೆ ಹೊರಟರು. ಅವರ ಫೋನ್ ಮತ್ತೆ ಹೊಡೆದುಕೊಂಡಿತು. ಈ ಸಲ ಅವಳೆದುರಿಗೇ ಎತ್ತಿ, ನಾಳೆಯಿಂದ ಕೆಲಸಕ್ಕೆ ಬರುತ್ತೇನೆ ಎಂದು ಹೇಳಿದರು.

ಅವಳ ಫೋನಿಗೂ ನಿಶ್ಚಲ್‌ನ ಮೆಸೇಜು ಬಂತು. “ಕಳ್ಳ ಸಿಕ್ಕಿಬಿದ್ನಾ?”

ಪ್ರಗತಿ ಬಾಗಿಲ ಬಳಿ ನಿಂತು ಉತ್ತರ ಬರೆದಳು. “ಸಿಕ್ಕಿಬಿದ್ದ. ಅಜ್ಜಿ ಹಿಡಿದುಕೊಟ್ಟಳು.”