ಬೆಸ ಸುತ್ತು, ಸಮ ಸುತ್ತು

ಮಧ್ಯಾಹ್ನ ಹನ್ನೆರಡಕ್ಕೆ ಪ್ರಬಂಧ ವಿಜ್ಞಾನ ಪತ್ರಿಕೆಗೆ ಹೋಗಬೇಕಿತ್ತು. ಮೂರು ವರ್ಷ ತಲೆ ಚಚ್ಚಿಕೊಂಡು ಮಾಡಿದ ಕೆಲಸ. ಮೊದಲ ಹೆಸರು ಟೆಸ್ಸಿಯದ್ದೇ. ಕೊನೆಯ ಓದನ್ನು ಮನೆಯಲ್ಲೇ ಮುಗಿಸುತ್ತೇನೆಂದು ತನ್ನೂರು ಪೆರಾಬೆಗೆ ಬಂದಿದ್ದ ಅವಳು ಬೆಳಗ್ಗೆ ಅಮ್ಮ ಕುಟ್ಟಿಯಮ್ಮನ ಹಿಂದೆ ರಬ್ಬರ್ ತೋಟಕ್ಕೆ ಹೋದದ್ದು ಕೆಲಸಕ್ಕಲ್ಲ, ಜಂಬ ಕೊಚ್ಚಿಕೊಳ್ಳಲಿಕ್ಕೆ.

"ಅಮ್ಮಚ್ಚೀ, ತುಂಬ ದೂರದಲ್ಲಿ ಒಂದು ಗೆಲಾಕ್ಸಿ ಉಂಟು. ಅದರ ನಡುವೆ ದೊಡ್ಡ ಕಪ್ಪುಕುಳಿ. ಅದು ಸುತ್ತಲಿನದ್ದನ್ನು ನುಂಗುವಾಗ ಎಕ್ಸ್-ರೇ ಹೊರಡ್ತದೆ, ಒಮ್ಮೆ ಜಾಸ್ತಿ, ಒಮ್ಮೆ ಕಮ್ಮಿ. ಅದಕ್ಕೊಂದು ಲಯ ಇಲ್ಲ ಅಂತ ಎಲ್ಲರೂ ಹೇಳುದು. ನಾವು ಹಿಡಿದೆವು! ಸರಿಯಾಗಿ ಮೂರು ಗಂಟೆ ಹದಿನಾಲ್ಕು ನಿಮಿಷಕ್ಕೊಮ್ಮೆ."

"ಅಷ್ಟು ದೂರದ್ದನ್ನು ಯಾರು ನೋಡುದು?"

"ಬಾಹ್ಯಾಕಾಶದಲ್ಲಿ ದೂರದರ್ಶಕ ಉಂಟಲ್ಲ, ಭೂಮಿಗೆ ಸುತ್ತು ಹಾಕ್ತಾ ನೋಡ್ತದೆ. ಅದು ಕಳಿಸಿದ್ದರಲ್ಲಿ ಗೆಲಾಕ್ಸಿಯದ್ದಲ್ಲದ ಕಸ ಸೋಸುದು ನಾವು. ಬೆಸ ಸಂಖ್ಯೆಯ ಸುತ್ತು ನನಗೆ, ಸಮ ಸಂಖ್ಯೆಯದ್ದು ನನ್ನ ಜೊತೆ ಇರುವ ದಿಶಾಂತನಿಗೆ. ಬೇಗ ಮುಗೀತದೆ."

ಕುಟ್ಟಿಯಮ್ಮ ತೊಗಟೆಯ ಮೇಲೆ ಕತ್ತಿ ಎಳೆದು ನಕ್ಕಳು. "ನಿನ್ನಪ್ಪನ ಕತೆಯೇ ಆಯ್ತು ಮೋಳೆ. ಆಗ ಒಂದು ಸರ್ತಿ ನಾನು ರಬ್ಬರ್ ಹಾಲು ತೆಗೆಯುದು, ಮರುಸರ್ತಿ ಕೆಲಸದ ಟೋಣಿ. ನಾನು ತೆಗೆದರೆ ಜಾಸ್ತಿ, ಅವನು ತೆಗೆದರೆ ಕಮ್ಮಿ. ಮರವೇ ಒಂದು ಸರ್ತಿ ಬಿಟ್ಟು ಒಂದು ಸರ್ತಿ ಸುಸ್ತಾಗುದು ಅಂತ ನಿನ್ನಪ್ಪ ಗೊಬ್ಬರ ಹಾಕಿಸಿದ್ರು! ಅದು ಮರದ್ದಲ್ಲ ಮಾರಾಯ್ತಿ, ಕೈಯದ್ದು."

ನಗಲು ಹೊರಟ ಟೆಸ್ಸಿಯ ಬಾಯಿ ಹಾಗೇ ನಿಂತಿತು. ದೂರದರ್ಶಕದ ಒಂದು ಸುತ್ತಿಗೆ ತೊಂಬತ್ತೇಳು ನಿಮಿಷ. ಎರಡು ಸುತ್ತಿಗೆ ಮೂರು ಗಂಟೆ ಹದಿನಾಲ್ಕು. ಒಂದು ಸುತ್ತಿನ ಅವಧಿಗೆ ಹೊಂದುವುದನ್ನೆಲ್ಲ, ಅದು ಗೆಲಾಕ್ಸಿಯದ್ದಲ್ಲ ದೂರದರ್ಶಕದ್ದೇ ಎಂದು, ಅವಳು ಜಾಲಾಡಿ ಬಿಸಾಡಿದ್ದಳು. ಎರಡು ಸುತ್ತಿನದ್ದು ಹೊಳೆದೇ ಇರಲಿಲ್ಲ. ಬೇಕಾದದ್ದು ಕಣ್ಣಿಗೆ ಬಿದ್ದ ಮೇಲೆ ಯಾರೂ ಮತ್ತೊಮ್ಮೆ ಕಣ್ಣುಜ್ಜಿಕೊಳ್ಳುವುದಿಲ್ಲ, ಡಾಕ್ಟರೇಟ್ ಮಾಡುವವರಂತೂ ಮೊದಲೇ ಇಲ್ಲ.

ಮನೆಗೆ ಓಡಿದಳು. ಮೊದಲು ದಿಶಾಂತನ ಸುತ್ತುಗಳನ್ನೇ ತೆರೆದಳು. ತಪ್ಪು ಅವನದ್ದಾಗಿರಲಿ ಎಂಬ ಆಸೆ. ಬೈದಾದರೂ ಹಗುರಾಗಬಹುದಿತ್ತು. ಅವನು ಬಿಗಿಯಾಗಿಯೇ ಸೋಸಿದ್ದ. ಸಡಿಲ ಬಿಟ್ಟದ್ದು ಇವಳು. ಇವಳ ಸುತ್ತುಗಳಲ್ಲಿ ಕಸವೂ ಗೆಲಾಕ್ಸಿಯ ಬೆಳಕಿನ ಲೆಕ್ಕಕ್ಕೆ ಸೇರಿಕೊಂಡಿತ್ತು. ತನ್ನ ಇಪ್ಪತ್ತೊಂದು ಸುತ್ತುಗಳನ್ನೂ ಅವನ ಅಳತೆಯಲ್ಲಿ ಹೊಸದಾಗಿ ಸೋಸಿದಳು. ಮೇಜಿನ ಮೇಲೆ ತಿಂಡಿಗಿಟ್ಟ ಪುಟ್ಟು ತಣ್ಣಗಾಯಿತು. ಹನ್ನೊಂದೂವರೆಗೆ ಲಯ ಪೂರ್ತಿ ಮಾಯ.

ಗೈಡ್ ಸುಪ್ರಿತಾ ಮೇಡಂಗೆ ಫೋನ್ ಮಾಡಿ ಎಲ್ಲ ಹೇಳಿದಳು. "ಕಳಿಸುದು ಬೇಡ ಮೇಡಂ."

"ಪತ್ರಿಕೆಗೆ ಪರಿಶೀಲನೆ ಮಾಡುವವರು ಇದನ್ನು ಹಿಡಿಯುತ್ತಿರಲಿಲ್ಲ, ಟೆಸ್ಸಿ."

"ನಾನು ಹಿಡಿದೆನಲ್ಲ."

"ಇನ್ನೊಂದು ವರ್ಷ ಹೋಗ್ತದೆ."

"ಹೋಗ್ಲಿ."

ಫೋನಿಟ್ಟು ಬಿಕ್ಕಿ ಬಿಕ್ಕಿ ಅತ್ತಳು. ಮೂರು ವರ್ಷಕ್ಕೆ ಅಷ್ಟಾದರೂ ಸಲ್ಲಬೇಕು. ಆಮೇಲೆ ಮುಖ ತೊಳೆದು ಬಂದು ಕೂತಳು. ಲಯ ಹೋಗಿದ್ದರೂ ಗೆಲಾಕ್ಸಿಯ ಏರಿಳಿತ ಹೋಗಿರಲಿಲ್ಲ. ತನ್ನಿಷ್ಟಕ್ಕೆ ಹೆಚ್ಚುತ್ತಿತ್ತು, ಕುಗ್ಗುತ್ತಿತ್ತು. ಅದನ್ನು ಇನ್ನಷ್ಟು ದಿನ ನೋಡಲು ದೂರದರ್ಶಕದ ಸಮಯ ಕೇಳುವ ಅರ್ಜಿಯನ್ನು ತೆರೆದು ಮೊದಲ ಸಾಲು ಬರೆದಳು: "ಈ ಗೆಲಾಕ್ಸಿಯಲ್ಲಿ ಲಯವಿದೆಯೆಂದು ನಾನು ನಂಬಿದ್ದೆ. ಅದು ನನ್ನ ತಪ್ಪು."