ಎರಡು ಮಗ್ಗುಲಿನ ಹೋರಿ

ತನ್ನ ಹೋರಿ ಸತ್ತ ದಿನ ರೊಬುಸ್ತಿಯಾನೊ ಅತ್ತಷ್ಟು ಹೆತ್ತಪ್ಪ ಸತ್ತ ದಿನವೂ ಅತ್ತಿರಲಿಲ್ಲ. ಇದು ಊರವರ ಮಾತಲ್ಲ, ಅವನ ಹೆಂಡತಿ ದೆಯೊಲಿಂದಾಳ ಮಾತು. ಅವಳೋ, ಇದ್ದದ್ದನ್ನು ಇದ್ದ ಹಾಗೆ ಹೇಳಿ ಎದೆಗೆ ಒದೆಯುವ ಹೆಂಗಸು.

ಅಳದೆ ಏನು ಮಾಡಿಯಾನು ಪಾಪ! ಕೊರಿಯೆಂತೆಸ್ ಸೀಮೆಯ ಜೌಗಿನಂಚಿನ ಆ ಪಾಸೊ ತಾತು ಎಂಬ ಊರಿನಲ್ಲಿ ಲುಸೇರೊ ಹೋರಿಗಿದ್ದ ಮರ್ಯಾದೆ ಪಾದ್ರಿಗೂ ಇರಲಿಲ್ಲ. ಪ್ರತಿ ವರ್ಷ ದನಗಳ ಪ್ರದರ್ಶನದಲ್ಲಿ ಮೊದಲ ಬಹುಮಾನದ ರಿಬ್ಬನ್ನು ಅದರ ಕೊರಳಿಗೇ. ಹೋರಿ ಹೋದರೂ ಹೆಸರು ಉಳಿಯಬೇಕೆಂದು ರೊಬುಸ್ತಿಯಾನೊ ಒಂದು ತೀರ್ಮಾನ ಮಾಡಿದ. ಅದರ ತೊಗಲನ್ನು ಕೂದಲ ಸಮೇತ ಹದಮಾಡಿಸಿ, ಚೌಕಟ್ಟಿಗೆ ಬಿಗಿಸಿ, ಊರಿನ ಕ್ಲಬ್ಬಿನ ದೊಡ್ಡ ಗೋಡೆಗೆ ಹಾಕಿಸುವುದು. ಕೆಲಸವನ್ನು ನದಿಯಾಚೆಯಿಂದ ಬಂದು ನೆಲೆಸಿದ ಕ್ರೆಸೆನ್ಸಿಯೊಗೆ ಒಪ್ಪಿಸಿದ. ಆಸಾಮಿ ತೊಗಲು ಕಂಡರೆ ಊಟ ಬಿಡುವವನು, ಮಾತಿಗೆ ನಿಂತರೆ ತೊಗಲನ್ನೂ ಬಿಡುವವನು.

ಇಲ್ಲೊಂದು ಗುಟ್ಟಿದೆ. ಲುಸೇರೊ ಅವನ ಹೋರಿಯೇ ಅಲ್ಲ.

ಹನ್ನೆರಡು ವರ್ಷದ ಹಿಂದೆ ಪಕ್ಕದ ಹೊಲದ ಪೊಲಿಕಾರ್ಪೊನದೊಂದು ಕರು ಬೇಲಿ ದಾಟಿ ಬಂತು. ಅದರ ಬಲತೊಡೆಯ ಮೇಲೆ ಪೊಲಿಕಾರ್ಪೊನ ಬೀಗದ ಕೈ ಗುರುತು, ಕಾಯಿಸಿದ ಕಬ್ಬಿಣದಲ್ಲಿ ಹಾಕಿದ್ದು, ಸ್ಪಷ್ಟವಾಗಿತ್ತು. ನಾಳೆ ಹಿಂದಿರುಗಿಸೋಣ ಎಂದುಕೊಂಡ ರೊಬುಸ್ತಿಯಾನೊ. ನಾಳೆ ಎನ್ನುವುದು ಬಂದಿದ್ದರೆ ತಾನೆ! ಕೊನೆಗೆ ಎಡತೊಡೆಯ ಮೇಲೆ ತನ್ನ ಅರ್ಧಚಂದ್ರದ ಗುರುತನ್ನು ಚುರ್ರೆನಿಸಿಬಿಟ್ಟ. ಪೊಲಿಕಾರ್ಪೊ ಕರು ಹುಡುಕಲು ಹೊರಟಾಗ ಇವನೂ ಜೊತೆಗೆ ಹೋದ. ಅವನಿಗಿಂತ ಜೋರಾಗಿ ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡು ಬಂದ. ಹೇಸಿಗೆ ಎಂದರೆ, ಈ ಪೊಲಿಕಾರ್ಪೊ ಹೊರಗಿನವನಲ್ಲ. ಇವನ ಮಗಳ ಜ್ಞಾನಸ್ನಾನದಲ್ಲಿ ಧರ್ಮತಂದೆಯಾಗಿ ನಿಂತವನು, ಅಲ್ಲಿಯವರ ಮಾತಿನಲ್ಲಿ ಕೊಂಪಾದ್ರೆ. ಆ ಊರಲ್ಲಿ ಒಡಹುಟ್ಟಿದವರು ಮಾತು ಬಿಟ್ಟಾರು, ಕೊಂಪಾದ್ರೆಗಳು ಬಿಡರು.

ಅಂದಿನಿಂದ ರೊಬುಸ್ತಿಯಾನೊ ಹೋರಿಯ ಎಡಮಗ್ಗುಲನ್ನಷ್ಟೇ ಜನರಿಗೆ ತೋರಿಸಿದ. ಪ್ರದರ್ಶನದಲ್ಲಿ ಅದನ್ನು ಗೋಡೆಗೆ ಒತ್ತಿ ನಿಲ್ಲಿಸುತ್ತಿದ್ದ, ಕೇಳಿದರೆ "ಅದಕ್ಕೆ ನಾಚಿಕೆ ಜಾಸ್ತಿ" ಎನ್ನುತ್ತಿದ್ದ. ಮೇಲೆ ಕೂದಲೂ ಬೆಳೆದು ಗುರುತನ್ನು ಮುಚ್ಚಿತು. ಸುಳ್ಳನ್ನು ಅಷ್ಟು ವರ್ಷ ಮೇಯಿಸಿದರೆ ಅದೂ ಕೊಬ್ಬಿ ನಿಜದ ಹಾಗೇ ಕಾಣುತ್ತದೆ, ಅವನಿಗೂ ಮರೆತೇಹೋಗಿತ್ತು.

ಸಮಾರಂಭದ ದಿನ ಮಧ್ಯಾಹ್ನ, ಜನ ಸೇರುವುದಕ್ಕೆ ಮುಂಚೆ, ಗಂಡಹೆಂಡತಿ ಕ್ಲಬ್ಬಿಗೆ ಬಂದರು. ಕ್ರೆಸೆನ್ಸಿಯೊ ಆಗಲೇ ಚೌಕಟ್ಟನ್ನು ಗೋಡೆಗೇರಿಸಿ ಮೀಸೆ ತಿರುವುತ್ತ ನಿಂತಿದ್ದ. ಸುತ್ತಲೂ ತೊಗಲಿನ ದಾರ ಪೋಣಿಸಿ ಎಳೆದು ಕಟ್ಟಿದ್ದ. ಲುಸೇರೊ ತಲೆ ಮೇಲಾಗಿ, ನಾಲ್ಕೂ ಕಾಲು ಚಾಚಿ, ಗೋಡೆ ತುಂಬ ಹರಡಿಕೊಂಡಿತ್ತು. ಬದುಕಿದ್ದಾಗ ಹೋರಿಗೆ ಎರಡು ಮಗ್ಗುಲು, ನಮಗೆ ಬೇಕಾದ್ದನ್ನು ತೋರಿಸಬಹುದು. ಬಿಡಿಸಿ ಗೋಡೆಗೆ ಹಾಕಿದರೆ ಎರಡೂ ಒಟ್ಟಿಗೇ ಎದುರಿಗೆ!

"ನೋಡ್ರಿ ಯಜಮಾನ್ರೇ," ಎಂದ ಕ್ರೆಸೆನ್ಸಿಯೊ. "ಎರಡು ಗುರುತೂ ಫಳಫಳ ಅನ್ನೋ ಹಾಗೆ ಸುತ್ತ ಕೂದಲು ಕತ್ತರಿಸಿ ಎಣ್ಣೆ ಹಾಕಿದ್ದೀನಿ. ಈ ಕಡೆ ಚಂದ್ರ, ಆ ಕಡೆ ಬೀಗದ ಕೈ. ಇಂಥ ಜೋಡಿ ಇರೋ ಹೋರಿ ನಾನು ಕಂಡೇ ಇಲ್ಲ!"

ರೊಬುಸ್ತಿಯಾನೊ ಓಡಿಹೋಗಿ ಎರಡೂ ಅಂಗೈಯಲ್ಲಿ ಬೀಗದ ಕೈಯನ್ನು ಮುಚ್ಚಿ ಹಿಡಿದ. ಆ ಸೀಮೆಯಲ್ಲಿ ಇನ್ನೊಬ್ಬನ ಹೆಂಡತಿಯನ್ನು ಓಡಿಸಿಕೊಂಡು ಹೋದವನಿಗಾದರೂ ಕ್ಷಮೆ ಉಂಟು, ದನ ಕದ್ದವನಿಗಿಲ್ಲ. ಠಾಣೆಯ ಅಧಿಕಾರಿಯೇ ಇವತ್ತಿನ ಅತಿಥಿ. ಜೈಲು ಹಾಗಿರಲಿ, ಪೊಲಿಕಾರ್ಪೊನ ಮುಖ ಹೇಗೆ ನೋಡುವುದು?

"ಇಳಿಸೋ ಇದನ್ನ!"

"ಇಳಿಸೋದಾ? ಎಂಟು ಜನ ಎತ್ತಿದ್ದು ಯಜಮಾನ್ರೇ. ಆರು ಜನ ಕುಡಿಯೋಕೆ ಹೋಗಿದ್ದಾರೆ."

ದೆಯೊಲಿಂದಾ ತೊಗಲನ್ನು ನೋಡಿದಳು, ಗಂಡನನ್ನು ನೋಡಿದಳು. "ಅಯ್ಯೋ ನಿಮ್ಮ ಬುದ್ಧಿಗಿಷ್ಟು! ಕದ್ದಿದ್ದನ್ನ ಚೌಕಟ್ಟು ಹಾಕಿಸಿ ಊರಿಗೆ ತೋರಿಸೋ ಕಳ್ಳನ್ನ ನಾನೊಬ್ಬಳೇ ಕಟ್ಟಿಕೊಂಡಿರೋದು!"

ಹೊರಗೆ ಜನರ ಗದ್ದಲ ಕೇಳಿಸಿತು. ರೊಬುಸ್ತಿಯಾನೊ ಕೈಗೆ ಸಿಕ್ಕಿದ್ದನ್ನು ಕಿತ್ತುಕೊಂಡ. ಸಿಕ್ಕಿದ್ದು ಕ್ಲಬ್ಬಿನ ಗೋಡೆಗಡಿಯಾರ. ಚೌಕಟ್ಟಿಗೊಂದು ದಾರ ಬಿಗಿದು ಅದನ್ನು ಸರಿಯಾಗಿ ಬೀಗದ ಕೈಯ ಮೇಲೆ ಇಳಿಬಿಟ್ಟ. ಕ್ರೆಸೆನ್ಸಿಯೊ ತಲೆ ತಲೆ ಚಚ್ಚಿಕೊಂಡ.

ಜನ ಬಂದರು. ಸಮಾರಂಭಕ್ಕೆಂದು ಮುಂದೆ ಕಟ್ಟಿದ್ದ ಪರದೆ ಸರಿಯಿತು.

"ಹೋರಿ ಕುಂಡೆ ಮೇಲೆ ಗಡಿಯಾರ ಯಾಕೆ?" ಎಂದು ಹಿಂದಿನಿಂದ ಯಾರೋ ಕೇಳಿಯೇಬಿಟ್ಟರು.

"ಅದು... ಜೀವ ಅನ್ನೋದು ಎಷ್ಟು ಹೊತ್ತಿನದು ಅಂತ... ನೆನಪಿಗೆ," ಎಂದು ರೊಬುಸ್ತಿಯಾನೊ ತೊದಲಿದ. ಪಾದ್ರಿ ಮೆಚ್ಚಿ ತಲೆದೂಗಿದರು. ಬಚಾವಾದೆ ಎಂದುಕೊಂಡ.

ಆದರೆ ಕ್ರೆಸೆನ್ಸಿಯೊನ ಕೆಲಸವೆಂದರೆ ಸುಮ್ಮನೆಯೇ? ತೊಗಲು ನಗಾರಿಯ ಹಾಗೆ ಬಿಗಿದಿತ್ತು. ಸಭೆ ಸುಮ್ಮನಾಗುತ್ತಲೇ ಗಡಿಯಾರದ ಸದ್ದು ಅದರೊಳಗೆ ಹೊಕ್ಕು ದುಪ್ಪಟ್ಟಾಗಿ ಹೊರಬಂತು. ಧಬ್. ಧಬ್. ಧಬ್.

"ದೇವರೇ, ಎದೆ ಬಡ್ಕೊಳ್ತಾ ಇದೆ!" ಎಂದು ಮುದುಕಿಯೊಬ್ಬಳು ಕಿರುಚಿ ಶಿಲುಬೆಯ ಗುರುತು ಹಾಕಿಕೊಂಡಳು. ಇಬ್ಬರು ಗಂಡಸರು ಕುರ್ಚಿ ಹತ್ತಿದರು.

"ಎದೆ ಅಲ್ಲೆಲ್ಲಿರತ್ತೆ, ಸುಮ್ನಿರಿ," ಎನ್ನುತ್ತ ಪೊಲಿಕಾರ್ಪೊ ಮುಂದೆ ಬಂದ. ತೊಗಲಿಗೆ ಕಿವಿಯಿಟ್ಟ. ನಕ್ಕ. ಆಮೇಲೆ ಗಡಿಯಾರವನ್ನು ಎತ್ತಿ ದಾರ ಬಿಚ್ಚಿದ.

ಬೀಗದ ಕೈ ಎಣ್ಣೆಯಲ್ಲಿ ಮಿರಮಿರ ಮಿಂಚಿತು. ಪೊಲಿಕಾರ್ಪೊ ಅದನ್ನು ನೋಡುತ್ತ ನಿಂತೇ ಇದ್ದ. ರೊಬುಸ್ತಿಯಾನೊನಿಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಅಧಿಕಾರಿ ತಿನ್ನುತ್ತಿದ್ದ ಎಂಪನಾದಾ ಕಡುಬನ್ನು ತಟ್ಟೆಗಿಟ್ಟು ಕೈ ಒರೆಸಿಕೊಂಡು ಎದ್ದ.

"ಇದು ನಿಮ್ಮ ಗುರುತಲ್ವೇನ್ರಿ, ಪೊಲಿಕಾರ್ಪೊ?"

"ಹೌದು."

"ಮತ್ತೆ ಹೋರಿ ಇವರ ಹತ್ರ ಹೇಗೆ ಬಂತು?"

ಪೊಲಿಕಾರ್ಪೊ ತಿರುಗಿ ಗೆಳೆಯನ ಮುಖ ನೋಡಿದ. ಆ ಮುಖದಲ್ಲಿ ರಕ್ತವೇ ಇರಲಿಲ್ಲ.

"ನಾನೇ ಕೊಟ್ಟಿದ್ದು," ಎಂದ. "ಮಗೂಗೆ ಜ್ಞಾನಸ್ನಾನದ ಉಡುಗೊರೆ. ಅಲ್ವೇನೋ ಕೊಂಪಾದ್ರೆ?"

"ಹೂಂ," ಎಂದಿತು ರೊಬುಸ್ತಿಯಾನೊನ ಗಂಟಲು, ಅವನನ್ನು ಕೇಳದೆಯೇ.

"ಬದಲಿಗೆ ಇವನು ವರ್ಷಕ್ಕೊಂದು ಕರು ಕೊಡ್ತೀನಿ ಅಂದಿದ್ದ. ಪಾಪ, ಪ್ರತಿ ಸಲ ಮರೀತಾನೆ." ಪೊಲಿಕಾರ್ಪೊ ಎಲ್ಲರಿಗೂ ಕೇಳುವ ಹಾಗೆ ದನಿಯೇರಿಸಿದ. "ಅದಾದ್ರೂ ನೆನಪಿದೆ ತಾನೇ?"

ರೊಬುಸ್ತಿಯಾನೊನ ಕಣ್ಣ ಮುಂದೆ ಹನ್ನೆರಡು ಕರುಗಳು ಬಾಲ ಎತ್ತಿಕೊಂಡು ಬೇಲಿಯಾಚೆ ಓಡಿದವು. "ಇ...ದೆ," ಎಂದ.

"ಎಲ್ಲಾ ಒಟ್ಟಿಗೆ ಕೊಟ್ಟುಬಿಡ್ತಾರೆ," ಎಂದಳು ದೆಯೊಲಿಂದಾ ಥಟ್ಟನೆ. "ನಾನೇ ಹಿಡಿದು ತಂದುಕೊಡ್ತೀನಿ." ಸಭೆ ಚಪ್ಪಾಳೆ ತಟ್ಟಿತು. ಅಧಿಕಾರಿ ಕೂತು ಎಂಪನಾದಾ ಮುಂದುವರಿಸಿದ.

ಅಕಾರ್ಡಿಯನ್ ಶುರುವಾಯಿತು, ಜನ ಕುಣಿಯಲು ಎದ್ದರು. ಪೊಲಿಕಾರ್ಪೊ ಎಂದಿನ ಹಾಗೆ ಬಂದು ಇವನ ಪಕ್ಕದ ಕುರ್ಚಿಯಲ್ಲೇ ಕುಳಿತ.

"ಆ ದಿನ ಅಷ್ಟು ಜೋರಾಗಿ ಕೂಗಿದ್ಯಲ್ಲೋ, ಮಂಗ," ಎಂದ ತಗ್ಗಿದ ದನಿಯಲ್ಲಿ. "ಒಂದೇ ಒಂದು ಸಲ ಬೇಕು ಅಂತ ಕೇಳಿದ್ರೆ ಕೊಡ್ತಿದ್ದೆ."

ರೊಬುಸ್ತಿಯಾನೊನಿಗೆ ತಡೆಯಲಾಗಲಿಲ್ಲ. ವೈನಿನ ಲೋಟಕ್ಕೆ ಮುಖ ಹಾಕಿಕೊಂಡು ಮಗುವಿನ ಹಾಗೆ ಅತ್ತುಬಿಟ್ಟ. ಪೊಲಿಕಾರ್ಪೊ ಅವನ ಬೆನ್ನು ತಟ್ಟಿದ, ಸ್ವಲ್ಪ ಜೋರಾಗಿಯೇ.

"ಸಾಕು, ಜನ ನೋಡ್ತಾರೆ. ಬೆಳಿಗ್ಗೆ ಬರ್ತೀನಿ. ಕರು ನಾನೇ ಆರಿಸೋದು. ಎರಡೂ ಮಗ್ಗುಲು ನೋಡಿ."