ಅಳಿಲು ಮರೆತ ಬೀಜ

ಯೂಲಾನ್ ಮಣ್ಣಿನ ಬೋಗುಣಿಯನ್ನು ಮಡಿಲಲ್ಲಿ ಬೋರಲು ಹಾಕಿಕೊಂಡು ಅದರ ತಳಕ್ಕೆ ಮೊಳೆಯಿಂದ ತೂತು ಕೊರೆಯುತ್ತಿದ್ದಳು. ಕೆಂಪು ಪುಡಿ ಅವಳ ಬಿಳಿ ಸೂತಕದ ಬಟ್ಟೆಯ ಮೇಲೆ ಉದುರುತ್ತಿತ್ತು. ಬದುಕಿದ್ದಾಗ ಚೆಲ್ಲಿದ ಕೊಳೆನೀರನ್ನೆಲ್ಲ ಸತ್ತವರು ಆ ಲೋಕದಲ್ಲಿ ಕುಡಿದು ಮುಗಿಸಬೇಕು. ತಳದಲ್ಲಿ ತೂತಿದ್ದರೆ ಅಷ್ಟಿಷ್ಟು ಸೋರಿಹೋಗುತ್ತದೆ. ಅಪ್ಪನಿಗಾಗಿ ಮಗಳು ಮಾಡಬೇಕಾದದ್ದು ಅಷ್ಟೇ. ಬೋಗುಣಿ ಒಡೆಯುವವನು ಮಗ. ಒಂದೇ ಏಟಿಗೆ ಒಡೆಯಬೇಕು, ಆಮೇಲೆಯೇ ಶವಪೆಟ್ಟಿಗೆ ಏಳುವುದು.

ಅಂಗಳದ ಆ ತುದಿಯಲ್ಲಿ ಅವಳ ಅಣ್ಣ ತಿಯೆಶಾನ್ ಕೊಡಲಿ ಮಸೆಯುತ್ತಿದ್ದ. ಅವನ ಬಲಗೈಯಲ್ಲಿ ಹೆಬ್ಬೆರಳು, ತೋರುಬೆರಳು ಮಾತ್ರ ಮಡಚುತ್ತಿದ್ದವು. ಉಳಿದವು ಸೊಟ್ಟಗೆ ಸೆಟೆದುಕೊಂಡಿದ್ದವು.

"ಒಡೀತಾನೇನೋ ಇವನು?" ಪೆಟ್ಟಿಗೆ ಹೊರಲು ಬಂದವನೊಬ್ಬ ತೋಫು ಸಾರು ಹೀರುತ್ತ ಕೇಳಿದ.

"ಬೋಗುಣಿ ಕತೆ ಬಿಡು, ಗುಡ್ಡದ ಗತಿ ನೋಡು," ಎಂದ ಗೆಂಗ್. ಸತ್ತ ಛೂನ ಜೊತೆ ಮರ ಕಡಿಯುತ್ತಲೇ ಮುದುಕನಾದವನು. "ಛೂ ಕಾಯ್ಕೊಂಡಿದ್ದ ಇಳಿಜಾರಿನ ತಲೆ ಮೇಲೇ ಗುಂಡಿ. ಅವನೇ ಕೇಳ್ಕೊಂಡಿದ್ದ. ಪೆಟ್ಟಿಗೆ ಹೋಗೋಕೆ ದಾರಿ ಬೇಡ್ವಾ? ಅದಕ್ಕೇ ಮಸೀತಿರೋದು."

"ಹೊಳೆ ಕಡೆಯಿಂದ ಸುತ್ತಿ ಹೋದ್ರೆ?"

"ಆ ಬಂಡೆಗಳ ಮೇಲೆ ನೀನು ಹೊರ್ತೀಯಾ? ನಡುವೆ ಎಲ್ಲೂ ನೆಲಕ್ಕೆ ಇಳಿಸೋ ಹಾಗಿಲ್ಲ. ನಿನ್ನ ಹೊಟ್ಟೆ ನೋಡ್ಕೊ, ಒಂಬತ್ತು ತಿಂಗಳ ಬಸುರಿ ಥರ ಇದೆ."

ಅಪ್ಪ ಹಾಸಿಗೆ ಹಿಡಿದ ಮೇಲೆ ಆ ಇಳಿಜಾರನ್ನು ಕಾದವಳು ಯೂಲಾನ್. ಅವಳು ಇನ್ನೂ ಬಲವಾಗಿ ಒತ್ತಿದಳು. ಮೊಳೆ ಜಾರಿ ಅಂಗೈ ಸೀಳಿತು.

* * *

ಹಲವು ವರ್ಷಗಳ ಹಿಂದೆ ಒಂದು ವಸಂತದಲ್ಲಿ, ಇಳಿಜಾರನ್ನು ಸವರಿ ಸಾಲುಸಾಲಾಗಿ ಸಸಿ ನೆಡಬೇಕೆಂದು ಮೇಲಧಿಕಾರಿಗಳಿಂದ ಅಪ್ಪಣೆ ಬಂದಿತ್ತು. ತಿಯೆಶಾನ್ ಉದ್ದ ಹಿಡಿಯ ಕುಡುಗೋಲು ಬೀಸುತ್ತ ಹೋದ. ಬರ್ಚ್ ಮರಗಳ ನೆರಳಲ್ಲಿ, ಹುಲ್ಲಿನೊಳಗೆ ಮೊಣಕಾಲೆತ್ತರದ ಪೈನ್ ಗಿಡಗಳಿದ್ದವು. ಮನುಷ್ಯರು ನೆಟ್ಟವಲ್ಲ, ಅಳಿಲುಗಳು ಚಳಿಗಾಲಕ್ಕೆಂದು ಹೂತಿಟ್ಟು ಮರೆತ ಬೀಜಗಳಿಂದ ಎದ್ದವು. ಅಷ್ಟೆತ್ತರ ಬರಲು ಹತ್ತು ವರ್ಷ ಹಿಡಿಯುತ್ತದೆ. ತಿಯೆಶಾನ್‌ನ ಕಣ್ಣಿಗೆ ಎಲ್ಲವೂ ಕಳೆ, ಹುಲ್ಲಿನ ಜೊತೆ ಅವೂ ಉರುಳಿದವು.

ಅಪ್ಪ ಬಂದು ನೋಡಿದ. ಬೈಯಲಿಲ್ಲ. ಮಗನ ಮಣಿಕಟ್ಟು ಹಿಡಿದು ಎಳೆದುಕೊಂಡು ಹೋಗಿ, ಗುಡ್ಡದೇವರ ಪೀಠವೆಂದು ಯಾರೂ ಕೂರದ ಮರದ ಬೊಡ್ಡೆಯ ಮೇಲೆ ಅದುಮಿ, ಕೊಡಲಿಯ ಹಿಂಬದಿಯಿಂದ ಬೆರಳುಗಳಿಗೆ ಹೊಡೆದ. ಊಟದ ಗಂಟು ಹಿಡಿದು ನಿಂತಿದ್ದ ಯೂಲಾನ್‌ಗೆ ಒಣಕಡ್ಡಿ ಮುರಿದಂಥ ಸದ್ದು ಕೇಳಿಸಿತು. ಅಪ್ಪ ಮತ್ತೆ ಹೊಡೆದ. ಅಣ್ಣ ಕೂಗಲು ಶುರುಮಾಡಿದ್ದು ಆಮೇಲೆ.

ಅದೇ ಅಪ್ಪ ಮಗನನ್ನು ಬೆನ್ನ ಮೇಲೆ ಹೊತ್ತು ಆಸ್ಪತ್ರೆಗೆಂದು ಗುಡ್ಡ ಇಳಿದ. ದಾರಿಯುದ್ದಕ್ಕೂ ಮಗ ಅವನ ಕಿವಿಯನ್ನು ಕಚ್ಚಿ ಹಿಡಿದಿದ್ದ. ಕತ್ತಿನ ಮೇಲೆ ರಕ್ತ ಇಳಿಯುತ್ತಿದ್ದರೂ ಅಪ್ಪನ ಹೆಜ್ಜೆ ನಿಲ್ಲಲಿಲ್ಲ.

ಆಮೇಲೆ ಅಪ್ಪ ಅಲ್ಲಿ ಏನನ್ನೂ ನೆಡಲಿಲ್ಲ, ಯಾರಿಗೂ ನೆಡಗೊಡಲಿಲ್ಲ. ಪೈನ್ ಕಾಯಿ ಕದಿಯಲು ಬಂದವರನ್ನು ದೊಣ್ಣೆಯಿಂದ ಬಡಿದು ಓಡಿಸುತ್ತಿದ್ದ. "ಅಳಿಲು ಮರೆತಿದ್ದೇ ಸಾಕು" ಅನ್ನುತ್ತಿದ್ದ. ತಿಯೆಶಾನ್ ಮತ್ತೆಂದೂ ಅವನೊಡನೆ ಮಾತಾಡಲಿಲ್ಲ.

* * *

ತಿಯೆಶಾನ್ ಬೋಗುಣಿಯನ್ನು ಎರಡೂ ಅಂಗೈಗಳ ನಡುವೆ ಒತ್ತಿ ಹಿಡಿದು ತಲೆಯ ಮೇಲೆತ್ತಿದ. ಕಲ್ಲಿಗೆ ಅಪ್ಪಳಿಸಿದ ರಭಸಕ್ಕೆ ಚೂರೊಂದು ಹಾರಿ ಗೆಂಗ್‌ನ ಹಣೆ ಸೀಳಿತು.

"ಸತ್ತ ಮೇಲೂ ಛೂ ನನ್ನ ಬಿಡಲ್ಲ," ಎಂದು ಗೆಂಗ್ ತೋಳಿನಿಂದ ರಕ್ತ ಒರೆಸಿಕೊಂಡ. "ಎತ್ರಪ್ಪ."

ಇಳಿಜಾರಿನಲ್ಲಿ ಬರ್ಚ್ ಮರಗಳ ಕೆಳಗೆ ಎದೆಯೆತ್ತರದ ಪೈನ್, ಅದರ ಕಾಲಬಳಿ ಗೇಣುದ್ದದ್ದು, ಇನ್ನೂ ಕೆಳಗೆ ಬೀಜದ ಸಿಪ್ಪೆಯನ್ನು ಟೋಪಿಯಂತೆ ಹೊತ್ತು ಈಗಷ್ಟೇ ತಲೆ ಎತ್ತಿದ್ದು. ಕಾಲಿಡಲು ಜಾಗವಿರಲಿಲ್ಲ.

"ದಾರಿ ಮಾಡೋ ತಿಯೆಶಾನ್, ಭುಜ ಹರಿದೋಗ್ತಿದೆ."

ಅವನು ಕಡಿದ. ಮೊದಲನೆಯದು ಒಂದೇ ಏಟಿಗೆ ಬಿತ್ತು. ಅದರ ಹಿಂದಿನದೂ ಬಿತ್ತು. ಸೊಟ್ಟ ಬೆರಳುಗಳಲ್ಲಿ ಕೊಡಲಿಯ ಹಿಡಿ ಕುಣಿಯುತ್ತಿತ್ತು, ಚಕ್ಕೆಗಳು ಮುಖಕ್ಕೆ ಸಿಡಿಯುತ್ತಿದ್ದವು. ಮರಿಗಿಡಗಳನ್ನು ಬೂಟಿನಿಂದ ಹೊಸಕುತ್ತ ನಡೆದ.

ಗುಡ್ಡದೇವರ ಆ ಹಳೆಯ ಬೊಡ್ಡೆ ಎದುರಾಯಿತು. ಅದರ ನಡು ಕೊಳೆತು ಕುಳಿಯಾಗಿತ್ತು. ಯಾವುದೋ ಅಳಿಲು ಅದರೊಳಗೆ ಇಟ್ಟು ಮರೆತ ಬೀಜಗಳು ಒಟ್ಟಿಗೇ ಮೊಳೆತು, ಮುಷ್ಟಿ ಬಿಚ್ಚಿದ ಹಾಗೆ ನಿಂತಿದ್ದವು.

ತಿಯೆಶಾನ್ ಕೊಡಲಿ ಎತ್ತಿದ. ಅದು ಮೇಲೇ ನಿಂತಿತು. ಹಿಂದೆ ಪೆಟ್ಟಿಗೆಯ ಹಗ್ಗ ಕಿರ್ರೆನ್ನುತ್ತಿತ್ತು.

ಬೆಳಗಿನಿಂದ ಬಾಯಿ ತೆರೆಯದಿದ್ದ ಯೂಲಾನ್ ಸಾಲು ಬಿಟ್ಟು ಮುಂದೆ ಬಂದಳು.

"ಅಣ್ಣ, ಹೊಳೆ ಕಡೆಯಿಂದ ಸುತ್ತಿ ಹೋಗೋಣ."